ಗುಡವಿಯ ಹಕ್ಕಿ ಲೆಕ್ಕ

ಮಳೆ ಹಿಡಿದು ಕೆಲವು ದಿನ ಕಳೆಯುತ್ತಲೇ ಗುಡವಿ ಕೆರೆಯ ನೀರೊಳಗಿನ ಮರಗಳು ಬೆಳ್ಳಗಾಗತೊಡಗುತ್ತವೆ. ಮೇಲಿನ ಕೊಂಬೆಗಳಲ್ಲಿ ಬಿಳಿ ಕೆಂಬರಲುಗಳು: ಕಪ್ಪು ಬೋಳು ತಲೆ, ಕಪ್ಪು ಕತ್ತು, ಕೆಳಕ್ಕೆ ಬಾಗಿದ ದಪ್ಪ ಕೊಕ್ಕು. ನಡುವೆ ಅಲ್ಲಲ್ಲಿ ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ. ಎಲೆಮರೆಯಲ್ಲಿ ಕುಗ್ಗಿ ಕೂತ ಇರುಳು ಬಕಗಳು ಹೊತ್ತು ಮುಳುಗುವವರೆಗೆ ಕದಲುವುದಿಲ್ಲ. ಸೊರಬದಿಂದ ಬನವಾಸಿ ಕಡೆಗೆ ಹೋಗುವಾಗ ಸಿಗುವ ಈ ಪಕ್ಷಿಧಾಮ ಒಂದು ಚದರ ಕಿಲೋಮೀಟರಿಗಿಂತ ಚಿಕ್ಕದು. ಆದ್ದರಿಂದ ದಡದಿಂದಲೇ ಮರಮರವನ್ನೂ ನೋಡಿ ಎಣಿಸಬಹುದು.

ಎಣಿಕೆ ನಿಧಾನದ ಕೆಲಸ. ಒಂದು ಮರ ಆರಿಸಿಕೊಳ್ಳಬೇಕು, ಗೂಡುಗಳನ್ನು ಎಡದಿಂದ ಬಲಕ್ಕೆ ಎಣಿಸಬೇಕು, ಮತ್ತೆ ಬಲದಿಂದ ಎಡಕ್ಕೆ. ಎರಡೂ ತಾಳೆಯಾದರೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವುದು. ಮಲೆನಾಡಿನ ಜಡಿಮಳೆಗೆ ಪೆನ್ನಿನ ಶಾಯಿ ನಿಲ್ಲುವುದಿಲ್ಲ.

ಪುಸ್ತಕದ ಅಂಕಿ ಅದೇ ಸಂಜೆ ಮೊಬೈಲಿನ ಗೂಗಲ್ ಶೀಟ್ಸ್‌ಗೆ ಏರುತ್ತದೆ. ಸೊರಬದ ಕಾಲೇಜು ಹುಡುಗರು ಅದನ್ನು ತಮ್ಮ ಹಳೆಯ ಲ್ಯಾಪ್‌ಟಾಪಿನ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯುತ್ತಾರೆ. ಶಿಕಾರಿಪುರದ ಕಡೆ, ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯದಲ್ಲಿ ಚಳಿಗಾಲದ ಬಾತುಗಳನ್ನು ಎಣಿಸುವ ಗೆಳೆಯರ ಹತ್ತಿರ ಇರುವುದು ಎಕ್ಸೆಲ್. ಎರಡು ತಾಲ್ಲೂಕು, ಮೂರು ತಂತ್ರಾಂಶ, ಲೆಕ್ಕ ಒಂದೇ ಇರಬೇಕು. ಒಂದೇ ಉಳಿಯುತ್ತದೆಯೇ ಎಂದು ನಾನು ಹಲವು ಹಂಗಾಮು ಕೂತು ನೋಡಿದ್ದೇನೆ. ಮರದ ಮುಂದೆ ಕೂತಷ್ಟೇ ತಾಳ್ಮೆ ಶೀಟಿನ ಮುಂದೆಯೂ ಬೇಕಾಯಿತು. ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು ಸೆಲ್ಲಿನಲ್ಲಿ ಅಕ್ಷರ ಯಾವ ಬದಿಗೆ ನಿಂತಿದೆ ಎಂಬುದು. ನಾವು ಕೈಯಿಟ್ಟು ಬದಲಿಸದಿದ್ದರೆ ಮೂರೂ ತಂತ್ರಾಂಶಗಳಲ್ಲಿ ಸಂಖ್ಯೆ ಬಲಕ್ಕೆ ನಿಲ್ಲುತ್ತದೆ, ಪಠ್ಯ ಎಡಕ್ಕೆ. ತಾರೀಖು ಕೂಡ ಒಳಗೆ ಸಂಖ್ಯೆಯೇ, ಆದ್ದರಿಂದ ಬಲಕ್ಕೆ. ತಾರೀಖಿನ ಕಾಲಮ್ಮಿನಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ಕಂಡರೆ ಅಲ್ಲಿ ಏನೋ ಕೆಟ್ಟಿದೆ.

ಕೆಡುವ ಬಗೆ ಹೀಗೆ. ಗುಡವಿಯ ಹಂಗಾಮು ಜೂನ್‌ನಿಂದ ಡಿಸೆಂಬರ್. ಸೆಪ್ಟೆಂಬರ್ 6ನ್ನು ನಾವು 6/9 ಎಂದು ಬರೆಯುತ್ತೇವೆ. ಶೀಟಿನ ಲೊಕೇಲ್, ಅಂದರೆ ದೇಶ-ಭಾಷೆಯ ಸೆಟ್ಟಿಂಗ್, ಅಮೆರಿಕದ್ದಾಗಿದ್ದರೆ ಅದು ಜೂನ್ 9 ಆಗುತ್ತದೆ. ತಿಂಗಳ 12ರವರೆಗಿನ ದಿನಗಳೆಲ್ಲ ಹೀಗೆ ಸದ್ದಿಲ್ಲದೆ ತಿರುವುಮುರುವಾಗುತ್ತವೆ. 13/9 ಬಂದಾಗ ಹದಿಮೂರನೇ ತಿಂಗಳು ಇಲ್ಲದ್ದರಿಂದ ಶೀಟು ಅದನ್ನು ಬರೀ ಪಠ್ಯವೆಂದು ಎಡಕ್ಕೆ ನಿಲ್ಲಿಸುತ್ತದೆ. ಆಗ ಗ್ರಾಫಿನಲ್ಲಿ ಕೆಂಬರಲಿನ ಮರಿಗಳು ಜೂನ್ ಎರಡನೇ ವಾರಕ್ಕೇ ಹಾರಲು ಕಲಿತಿರುತ್ತವೆ. ಆ ಹೊತ್ತಿಗೆ ನಿಜವಾದ ಮರದ ಮೇಲೆ ಹಕ್ಕಿ ಇನ್ನೂ ಕಡ್ಡಿ ಹೊರುತ್ತಿರುತ್ತದೆ. ಕೆರೆಗೆ ಹೋಗದೆ ಶೀಟನ್ನಷ್ಟೇ ನೋಡುವವರಿಗೆ ಇದು ಹೊಸ ಶೋಧದಂತೆ ಕಾಣುವ ಅಪಾಯವಿದೆ.

ಗೂಗಲ್ ಶೀಟ್ಸ್‌ನಲ್ಲಿ ಲೊಕೇಲ್ ಆಯಾ ಫೈಲಿಗೆ ಸೇರಿದ್ದು, ಎಕ್ಸೆಲ್ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗನ್ನು ಅನುಸರಿಸುತ್ತದೆ, ಕ್ಯಾಲ್ಕ್‌ಗೆ ತನ್ನದೇ ಭಾಷಾ ಸೆಟ್ಟಿಂಗ್ ಇದೆ. ಮೂರನ್ನೂ ಹೊಂದಿಸುತ್ತ ಕೂರುವ ಬದಲು ವರ್ಷ, ತಿಂಗಳು, ದಿನ ಎಂದು ಮೂರು ಕಾಲಮ್ಮು ಮಾಡಿ, ಅವುಗಳಿಂದ ಡೇಟ್ ಫಂಕ್ಷನ್ ಬಳಸಿ ತಾರೀಖು ಕಟ್ಟಿಕೊಳ್ಳುವುದು ಮೇಲು. ಡೇಟ್ ಮೂರರಲ್ಲೂ ಒಂದೇ ಥರ ನಡೆದುಕೊಳ್ಳುತ್ತದೆ. ಇಲ್ಲವಾದರೆ 2023-09-06 ಎಂದು ವರ್ಷ ಮೊದಲು ಬರೆಯಿರಿ. ಅದನ್ನೂ ಮೂರೂ ಸರಿಯಾಗಿ ಓದುತ್ತವೆ.

ತಾರೀಖಿನ ಈ ತೊಡಕು ಹಕ್ಕಿ ಎಣಿಸುವವರನ್ನಷ್ಟೇ ಕಾಡಿದ್ದಲ್ಲ. ಸೆಪ್ಟಿನ್, ಮಾರ್ಚ್ ಎಂಬ ಹೆಸರಿನ ಜೀನ್‌ಗಳ ಸಂಕೇತಗಳನ್ನು ಎಕ್ಸೆಲ್ ತಿಂಗಳುಗಳೆಂದು ತಿಳಿದು ತಾರೀಖು ಮಾಡುತ್ತಿತ್ತು. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ವಿಜ್ಞಾನ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದಕ್ಕೆ ಈ ತಪ್ಪು ತಗುಲಿದೆ ಎಂದು 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಆ ಜೀನ್‌ಗಳ ಸಂಕೇತಗಳನ್ನೇ ಬದಲಿಸಿತು.

ತಾರೀಖಿನ ಮಾತು ಬಂದದ್ದರಿಂದ ಇನ್ನೊಂದು. ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ, ಕಾಳುಮೆಣಸು ಹಬ್ಬಿಸಿ ಊರವರು ಕಾಪಾಡಿಕೊಂಡು ಬಂದ ಆ ದಟ್ಟ ಹಸಿರು ಕಾಡುಗಳ ಬಗ್ಗೆ, 1868ರಲ್ಲಿ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಒಂದು ವರದಿ ಬರೆದಿದ್ದಾರೆ. ಹಳೆಯ ದಾಖಲೆಗಳನ್ನೂ ಈಗಿನ ಎಣಿಕೆಯನ್ನೂ ಒಂದೇ ಶೀಟಿನಲ್ಲಿ ಇಡಬೇಕೆಂದು ಹೊರಟರೆ ತಡೆ ಎದುರಾಗುತ್ತದೆ. ಎಕ್ಸೆಲ್‌ನ ಕಾಲ ಶುರುವಾಗುವುದು 1900ರ ಜನವರಿ 1ರಿಂದ. 1868ರ ಯಾವ ದಿನವನ್ನು ಬರೆದರೂ ಅದಕ್ಕೆ ಅದು ಬರೀ ಪಠ್ಯ. ಕ್ಯಾಲ್ಕ್ ಹಿಂದಕ್ಕೂ ಎಣಿಸಬಲ್ಲದು, ಅಲ್ಲಿ 1868 ಕೂಡ ತಾರೀಖೇ.

1900 ಅಧಿಕ ವರ್ಷವಾಗಿರಲಿಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಅದನ್ನು ಅಧಿಕ ವರ್ಷವೆಂದೇ ಎಣಿಸಿತ್ತು. ಲೋಟಸ್ ಫೈಲುಗಳು ತನ್ನಲ್ಲೂ ತೆರೆಯಲಿ ಎಂದು ಎಕ್ಸೆಲ್ ಆ ತಪ್ಪನ್ನು ತಿಳಿದೇ ಉಳಿಸಿಕೊಂಡಿತು. ಹಾಗಾಗಿ ಇಲ್ಲದ 1900ರ ಫೆಬ್ರವರಿ 29 ಎಕ್ಸೆಲ್‌ನಲ್ಲಿ ಇವತ್ತಿಗೂ ಇದೆ. ಕ್ಯಾಲ್ಕ್ ತನ್ನ ಸೊನ್ನೆಯನ್ನು 1899ರ ಡಿಸೆಂಬರ್ 30ಕ್ಕೆ ಇಟ್ಟುಕೊಂಡಿದ್ದರಿಂದ 1900ರ ಮಾರ್ಚ್ 1ರಿಂದಾಚೆಗೆ ಎರಡರ ಎಣಿಕೆ ಒಂದಾಗುತ್ತದೆ. ಹಳೆಯ ಮ್ಯಾಕ್‌ ಕಂಪ್ಯೂಟರಿನ ಎಕ್ಸೆಲ್ ಫೈಲುಗಳಲ್ಲಿ ಕಾಲ 1904ರಿಂದ ಶುರುವಾಗುತ್ತದೆ. ಅಂಥ ಫೈಲಿನಿಂದ ಸೆಲ್ಲುಗಳನ್ನು ನಕಲಿಸಿ ಇನ್ನೊಂದಕ್ಕೆ ಅಂಟಿಸಿದರೆ ತಾರೀಖುಗಳು 1462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ, ಜರುಗುತ್ತವೆ.

ಈಗ ಸರಿ ಗುರುತಿನ ವಿಷಯ. ಎಣಿಸಲು ಆಗದ ದಿನ, ಹಕ್ಕಿ ಕಂಡಿತೋ ಇಲ್ಲವೋ ಎಂದಷ್ಟೇ ಮೊಬೈಲಿನಲ್ಲಿ ಚೆಕ್‌ಬಾಕ್ಸ್ ಒತ್ತುತ್ತೇವೆ. ಒತ್ತಿದರೆ ಟ್ರೂ, ಒತ್ತದಿದ್ದರೆ ಫಾಲ್ಸ್. ಆ ಕಾಲಮ್ಮನ್ನು ಸಮ್ ಫಂಕ್ಷನ್ನಿನಿಂದ ಕೂಡಿಸಿದರೆ ಎಕ್ಸೆಲ್‌ನಲ್ಲಿ ಸೊನ್ನೆ ಬರುತ್ತದೆ, ಏಕೆಂದರೆ ಸೆಲ್ಲುಗಳಲ್ಲಿರುವ ಟ್ರೂ ಅದರ ಪ್ರಕಾರ ಸಂಖ್ಯೆಯಲ್ಲ. ಅದೇ ಫೈಲನ್ನು ಕ್ಯಾಲ್ಕ್‌ನಲ್ಲಿ ತೆರೆದು ಲೆಕ್ಕ ಹಾಕಿಸಿದರೆ ಹಕ್ಕಿ ಕಂಡ ದಿನಗಳ ಸರಿಯಾದ ಮೊತ್ತ ಬರುತ್ತದೆ. ಅಲ್ಲಿ ಟ್ರೂ ಅಂದರೆ ಒಳಗೆ 1. ಎರಡೂ ತಂತ್ರಾಂಶಗಳು ತಮ್ಮ ತಮ್ಮ ನಿಯಮಕ್ಕೆ ನಿಷ್ಠವಾಗಿವೆ. ಯಾವುದೂ ದೋಷದ ಗುರುತು ತೋರಿಸುವುದಿಲ್ಲ. ಕೌಂಟ್‌ಇಫ್ ಹಾಕಿ ಟ್ರೂ ಎಷ್ಟಿವೆ ಎಂದು ಕೇಳಿದರೆ ಎರಡೂ ಕಡೆ ಒಂದೇ ಉತ್ತರ ಸಿಗುತ್ತದೆ. ನಾವು ಈಗ ಹಾಗೇ ಕೇಳುತ್ತೇವೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕೂತು ನೋಡಿದ್ದು ಗೂಗಲ್ ಶೀಟ್ಸ್‌ನಿಂದ ಇಳಿಸಿಕೊಂಡ ಫೈಲುಗಳನ್ನು. ಗೂಗಲ್‌ನಲ್ಲಿ ಕ್ವೆರಿ ಎಂಬ ಫಂಕ್ಷನ್ ಇದೆ. ಜಾತಿವಾರು, ತಿಂಗಳುವಾರು ಮೊತ್ತವನ್ನು ಒಂದೇ ಸಾಲಿನಲ್ಲಿ ತೆಗೆದುಕೊಡುತ್ತದೆ, ಹುಡುಗರಿಗೆ ಬಹಳ ಇಷ್ಟ. ಬೇರೆ ಶೀಟಿನಿಂದ ಅಂಕಿ ಎಳೆದುಕೊಳ್ಳುವ ಇಂಪೋರ್ಟ್‌ರೇಂಜ್ ಕೂಡ ಹಾಗೆಯೇ. ಎಕ್ಸೆಲ್‌ನಲ್ಲೂ ಕ್ಯಾಲ್ಕ್‌ನಲ್ಲೂ ಇವು ಇಲ್ಲ. ಆದರೂ ಶೀಟನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಂಡು ತೆರೆದರೆ ಎಲ್ಲ ಅಂಕಿಗಳೂ ಅಚ್ಚುಕಟ್ಟಾಗಿ ಇದ್ದಲ್ಲೇ ಇರುತ್ತವೆ. ದೋಷದ ಒಂದು ಗುರುತೂ ಇರುವುದಿಲ್ಲ.

ಒಬ್ಬ ಹುಡುಗ ಬಂದು ಹೇಳಿದ, "ಸಾರ್, ಹೊಸ ಗೂಡು ಸೇರಿಸಿದೆ. ಮೊತ್ತ ಮಾತ್ರ ನಿನ್ನೆ ಇದ್ದಷ್ಟೇ ಇದೆ."

ಆ ಮೊತ್ತದ ಸೆಲ್ಲಿನ ಮೇಲೆ ಕರ್ಸರ್ ಇಟ್ಟು ಮೇಲಿನ ಫಾರ್ಮುಲಾ ಪಟ್ಟಿ ನೋಡಿದರೆ ಸಂಗತಿ ತಿಳಿಯುತ್ತದೆ. ಹೊರಗೆ ಇಫ್‌ಎರರ್, ಅದರೊಳಗೆ ಡಮ್ಮಿಫಂಕ್ಷನ್ ಎಂಬ ಹೆಸರು, ಅದರೊಳಗೆ ಉದ್ಧರಣ ಚಿಹ್ನೆಗಳ ನಡುವೆ ಮೂಲ ಕ್ವೆರಿಯ ಪೂರ್ತಿ ಪಠ್ಯ. ಕೊನೆಯಲ್ಲಿ ಒಂದು ಕಾಮಾ, ಇಳಿಸಿಕೊಂಡ ಹೊತ್ತಿನಲ್ಲಿ ಇದ್ದ ಉತ್ತರ. ಡಮ್ಮಿಫಂಕ್ಷನ್ ಅಂದರೇನು ಎಂದು ಎಕ್ಸೆಲ್‌ಗೆ ಗೊತ್ತಿಲ್ಲ, ಅದು ದೋಷವಾಗುತ್ತದೆ. ದೋಷವಾದ ಕೂಡಲೇ ಇಫ್‌ಎರರ್ ಕಾಮಾದ ಆಚೆಗಿನ ಆ ಹಳೆಯ ಸಂಖ್ಯೆಯನ್ನು ಮುಂದಿಡುತ್ತದೆ. ಕೆಳಗೆ ಎಷ್ಟು ಸಾಲು ಸೇರಿಸಿದರೂ ಮೊತ್ತ ಅಲುಗುವುದಿಲ್ಲ. ಕ್ವೆರಿಯ ಉತ್ತರ ಹತ್ತಾರು ಸೆಲ್ಲುಗಳಿಗೆ ಹರಡಿದ್ದರೆ ಉಳಿದ ಸೆಲ್ಲುಗಳಲ್ಲೂ ಇದೇ ಹೊದಿಕೆ, ಇದೇ ನಿಂತ ಉತ್ತರ. ಹಾವು ಬಿಟ್ಟುಹೋದ ಪೊರೆಯಲ್ಲಿ ಕಣ್ಣಿನ ಗುರುತೂ ಹುರುಪೆಯ ಸಾಲೂ ಇರುವ ಹಾಗೆ, ಇಲ್ಲಿ ಫಾರ್ಮುಲಾದ ರೂಪ ಪೂರ್ತಿ ಇದೆ, ಲೆಕ್ಕ ಮಾಡುವ ಜೀವ ಇಲ್ಲ.

ಗೂಗಲ್‌ನವರು ಹೀಗೆ ಮಾಡಿದ್ದರ ಉದ್ದೇಶ ನನಗೆ ಅರ್ಥವಾಗುತ್ತದೆ. ಅಂಕಿಯಾದರೂ ಉಳಿಯಲಿ ಎಂದು. ಓದಲಷ್ಟೇ ಬೇಕಾದವರಿಗೆ ಅದು ಉಪಕಾರವೇ. ಮುಂದಿನ ವಾರದ ಎಣಿಕೆಯನ್ನು ಅದೇ ಫೈಲಿನಲ್ಲಿ ಬರೆಯುವವರಿಗೆ ಮಾತ್ರ ದೊಡ್ಡ ಅಪಾಯ. ನನ್ನ ಮಟ್ಟಿಗೆ, ಕೆಂಪು ದೋಷ ತೋರಿಸುವ ಸೆಲ್ಲು ಎಷ್ಟೋ ವಾಸಿ.

ಪರೀಕ್ಷೆ ಸರಳ. ಫೈಲು ಕೈ ಬದಲಾಯಿಸಿದ ಕೂಡಲೇ ಮೂಲ ಸಾಲಿನ ಒಂದು ಅಂಕಿಯನ್ನು 1000 ಹೆಚ್ಚಿಸಿ, ಮೊತ್ತಗಳೆಲ್ಲ ಅಲುಗಿದವೇ ನೋಡಿ, ಮತ್ತೆ ಮೊದಲಿನ ಅಂಕಿಗೇ ತನ್ನಿ. ಅಲುಗದ ಮೊತ್ತ ಸತ್ತದ್ದು.

ಈ ಪರೀಕ್ಷೆ ಬೇಕಾಗಲು ಇನ್ನೊಂದು ಕಾರಣವೂ ಇದೆ. ಎಕ್ಸೆಲ್‌ನ ಈಗಿನ ಫೈಲು, ಕ್ಯಾಲ್ಕ್‌ನ ಫೈಲು ಎರಡೂ ನಿಜಕ್ಕೆ ಜಿಪ್ ಗಂಟುಗಳು. ಬಿಚ್ಚಿ ನೋಡಿದರೆ ಪ್ರತಿಯೊಂದು ಫಾರ್ಮುಲಾ ಸೆಲ್ಲಿಗೂ ಎರಡು ಸಂಗತಿ ಬರೆದಿಟ್ಟಿರುತ್ತದೆ: ಫಾರ್ಮುಲಾ ಒಂದು, ಕೊನೆಯ ಸಲ ಬಂದ ಉತ್ತರ ಇನ್ನೊಂದು. ಎಕ್ಸೆಲ್ ಉಳಿಸಿದ ಫೈಲನ್ನು ತೆರೆದಾಗ ಕ್ಯಾಲ್ಕ್ ಮೊದಲಿಗೆ ಮತ್ತೆ ಲೆಕ್ಕ ಮಾಡುವುದಿಲ್ಲ, ಬರೆದಿಟ್ಟ ಉತ್ತರವನ್ನೇ ತೋರಿಸುತ್ತದೆ. ತನಗೆ ಗೊತ್ತಿಲ್ಲದ ಫಂಕ್ಷನ್ ಅಲ್ಲಿ ಇದ್ದರೂ ತೆರೆದ ಕ್ಷಣಕ್ಕೆ ಎಲ್ಲ ನೆಟ್ಟಗೆ ಕಾಣುತ್ತದೆ. ಕಂಟ್ರೋಲ್, ಶಿಫ್ಟ್, ಎಫ್9 ಮೂರನ್ನೂ ಒಟ್ಟಿಗೆ ಒತ್ತಿ ಪೂರ್ತಿ ಲೆಕ್ಕ ಮಾಡಿಸಿದಾಗಲೇ ನಿಜ ಹೊರಬರುವುದು. ಎಕ್ಸೆಲ್‌ನಲ್ಲಿ ಅದೇ ಕೆಲಸಕ್ಕೆ ಕಂಟ್ರೋಲ್, ಆಲ್ಟ್, ಎಫ್9.

ಪಟ್ಟಿಯಲ್ಲಿ ಹೆಸರು ಹುಡುಕಿ ಅದರ ಎದುರಿನ ಅಂಕಿ ತಂದುಕೊಡುವ ಎಕ್ಸ್‌ಲುಕಪ್ ಫಂಕ್ಷನ್ನಿನ ಕಥೆಯೂ ಇದೇ. ಮೈಕ್ರೋಸಾಫ್ಟ್ ಅದನ್ನು 2019ರಲ್ಲಿ ಪ್ರಕಟಿಸಿತು. ಗೂಗಲ್ 2022ರಲ್ಲಿ ಸೇರಿಸಿಕೊಂಡಿತು. ಲಿಬ್ರೆಆಫೀಸ್‌ಗೆ ಬಂದದ್ದು 2024ರ ಆಗಸ್ಟಿನ 24.8 ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಆವೃತ್ತಿ ಇರುವ ಲ್ಯಾಪ್‌ಟಾಪುಗಳು ನಮ್ಮ ಕಡೆ ಇನ್ನೂ ಎಷ್ಟೋ ಇವೆ. ಇಂಡೆಕ್ಸ್ ಮತ್ತು ಮ್ಯಾಚ್ ಎರಡನ್ನು ಜೋಡಿಸಿದರೆ ಅದೇ ಕೆಲಸ ಆಗುತ್ತದೆ, ಅವು ಎಲ್ಲ ಕಡೆ ಇವೆ. ಮ್ಯಾಚ್‌ನ ಕೊನೆಗೆ ಸೊನ್ನೆ ಹಾಕುವುದನ್ನು ಮಾತ್ರ ಬಿಡಬಾರದು. ಸೊನ್ನೆ ಇಲ್ಲದಿದ್ದರೆ ಪಟ್ಟಿ ಅಕಾರಾದಿಯಾಗಿದೆ ಎಂದು ಭಾವಿಸಿ ಹತ್ತಿರದ ಯಾವುದೋ ಹೆಸರನ್ನು ಹಿಡಿದು ಕೊಡುತ್ತದೆ.

ಹೆಸರುಗಳ ವಿಷಯಕ್ಕೆ ಬಂದರೆ ಕನ್ನಡದಲ್ಲಿ ಬರೆಯುವ ನಮ್ಮ ಪಾಡು ಬೇರೆ. ಹಳೆಯ ಪಟ್ಟಿಗಳು ನುಡಿ ಅಕ್ಷರಶೈಲಿಯಲ್ಲಿವೆ. ಆ ಸೆಲ್ಲುಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು, ಕನ್ನಡವಾಗಿ ತೋರಿಸುವುದು ಫಾಂಟು. ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರರಾಶಿ. ಯೂನಿಕೋಡ್‌ನಲ್ಲಿ ಬರೆದ ಹೆಸರಿನೊಂದಿಗೆ ಯಾವ ಫಂಕ್ಷನ್ ಹಾಕಿ ಹೋಲಿಸಿದರೂ ಕೂಡುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಮಿಕ್ಕ ಕೆಲಸ.

ಯೂನಿಕೋಡ್‌ನಲ್ಲೇ ಇದ್ದರೂ ಎಚ್ಚರ ಬೇಕು. ಲೆನ್ ಫಂಕ್ಷನ್ನಿಗೆ ಗುಡವಿ ಎಂದು ಕೊಟ್ಟರೆ 5 ಎನ್ನುತ್ತದೆ. ನಮ್ಮ ಕಣ್ಣಿಗೆ ಮೂರು ಅಕ್ಷರ, ಅದಕ್ಕೆ ಗ, ಉಕಾರದ ಕೊಂಬು, ಡ, ವ, ಇಕಾರದ ಗುಡಿಸು. ಕೊಕ್ಕರೆ ಎಂಬ ಪದ ಇನ್ನೂ ಸೂಕ್ಷ್ಮ. 'ಕೊ'ದ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರ ಎರಡನ್ನು ಒಂದರ ಪಕ್ಕ ಒಂದು ಇಟ್ಟೂ ಬರೆಯಬಹುದು. ತೆರೆಯ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ. ಲೆನ್ ಹಾಕಿದರೆ ಒಂದಕ್ಕೆ 7, ಇನ್ನೊಂದಕ್ಕೆ 8. ಬಾಯ್ಕಳಕ ಕೊಕ್ಕರೆಯ ಮೊತ್ತ ಎರಡು ಸಾಲಾಗಿ ಒಡೆದು ಬಂದರೆ, ಎರಡು ಸಾಲಿನ ಹೆಸರಿಗೂ ಲೆನ್ ಹಾಕಿ ನೋಡಿ. ಹೆಸರಿನ ಕೊನೆಗೆ ಅಂಟಿಕೊಂಡ ಖಾಲಿ ಜಾಗವೂ ಅಲ್ಲೇ ಸಿಕ್ಕಿಬೀಳುತ್ತದೆ. ನಾವು ಪ್ರತಿ ಜಾತಿಗೂ ವೈಜ್ಞಾನಿಕ ಹೆಸರಿನ ಒಂದು ಕಾಲಮ್ ಇಟ್ಟು, ಹುಡುಕಾಟವನ್ನೆಲ್ಲ ಅದರ ಮೇಲೆ ನಡೆಸುತ್ತೇವೆ. ಕನ್ನಡದ ಹೆಸರು ಓದುವವರಿಗೆ.

ಅನುಮಾನದ ಚಿಹ್ನೆಯದ್ದು ಇನ್ನೊಂದು ಸಂಗತಿ. ಇರುಳು ಬಕದ ಮರಿ ಕಂದು ಬಣ್ಣದ್ದು, ಮೈಮೇಲೆ ಬಿಳಿ ಚುಕ್ಕೆ. ಮಬ್ಬು ಬೆಳಕಿನಲ್ಲಿ ಕೊಳದ ಬಕದಿಂದ ಬೇರ್ಪಡಿಸುವುದು ಸುಲಭವಲ್ಲ. ಹಕ್ಕಿ ನೋಡುವವರು ಇಂಥ ಕಡೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಒಳ್ಳೆಯ ರೂಢಿ, ಪುಸ್ತಕದಲ್ಲಿ. ಶೀಟಿನಲ್ಲಿ ಕೌಂಟ್‌ಇಫ್‌ಗೆ 'ಇರುಳು ಬಕ?' ಎಂದು ಕೊಟ್ಟರೆ ಎಕ್ಸೆಲ್ ಮತ್ತು ಗೂಗಲ್ ಆ ಚಿಹ್ನೆಯನ್ನು ಯಾವುದಾದರೂ ಒಂದು ಅಕ್ಷರ ಎಂದು ಓದುತ್ತವೆ. ಹಾಗಾಗಿ ಅನುಮಾನದ ಸಾಲುಗಳು ಲೆಕ್ಕಕ್ಕೆ ಬರುತ್ತವೆ, ಖಚಿತವಾದವು ಬರುವುದಿಲ್ಲ. ಕ್ಯಾಲ್ಕ್‌ನ ಹಳೆಯ ಫೈಲುಗಳಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆನ್ ಆಗಿದ್ದರೆ ಅದೇ ಚಿಹ್ನೆಗೆ ಹಿಂದಿನ ಅಕ್ಷರ ಇರಬಹುದು, ಇಲ್ಲದೆಯೂ ಇರಬಹುದು ಎಂಬ ಅರ್ಥ. ಅಲ್ಲಿ ಖಚಿತವಾದ ಸಾಲುಗಳು ಲೆಕ್ಕಕ್ಕೆ ಬಂದು ಅನುಮಾನದವು ಬಿಟ್ಟುಹೋಗುತ್ತವೆ. ಒಂದೇ ಫಾರ್ಮುಲಾ, ಒಂದೇ ಪಟ್ಟಿ, ಉತ್ತರ ಪೂರ್ತಿ ಉಲ್ಟಾ. ಚಿಹ್ನೆಯ ಹಿಂದೆ ಟಿಲ್ಡೆ ಹಾಕಿ ಎಕ್ಸೆಲ್‌ನಲ್ಲಿ ಪಾರಾಗಬಹುದು. ಅನುಮಾನಕ್ಕೆಂದೇ ಬೇರೆ ಕಾಲಮ್ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಅನುಮಾನವೂ ಒಂದು ಮಾಹಿತಿ, ಅದನ್ನು ಹೆಸರಿಗೆ ಅಂಟಿಸಬಾರದು.

ಇ-ಬರ್ಡ್‌ಗೆ ಪಟ್ಟಿ ಸೇರಿಸುವವರಿಗೆ ಎಕ್ಸ್ ಗುರುತು ಗೊತ್ತಿರುತ್ತದೆ: ಹಕ್ಕಿ ಇತ್ತು, ಎಣಿಸಲಿಲ್ಲ. ಸಂಖ್ಯೆಯ ಕಾಲಮ್ಮಿನಲ್ಲಿ ಎಕ್ಸ್ ಇದ್ದಾಗ ಸಮ್ ಅದನ್ನು ಬಿಟ್ಟು ಕೂಡಿಸುತ್ತದೆ. ಪ್ಲಸ್ ಚಿಹ್ನೆ ಹಾಕಿ ಸೆಲ್ಲಿಗೆ ಸೆಲ್ಲು ಕೂಡಿಸಿದರೆ ದೋಷ. ಎಣಿಸದೆ ಬಿಟ್ಟದ್ದನ್ನು ಸೊನ್ನೆ ಎಂದು ಬರೆಯುವುದು ಮಾತ್ರ ಯಾವ ತಂತ್ರಾಂಶದಲ್ಲೂ ಸರಿಯಲ್ಲ.

ಈ ಗೊಂದಲಗಳಿಗೆ ಒಂದು ಒಮ್ಮತ ತರುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಓಪನ್‌ಡಾಕ್ಯುಮೆಂಟ್ ಎಂಬ ಮುಕ್ತ ಫೈಲ್ ಮಾದರಿ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಆಗ ಅದರಲ್ಲಿ ಫಾರ್ಮುಲಾಗಳ ವಿವರಣೆ ಇರಲಿಲ್ಲ. ಯಾವ ಫಂಕ್ಷನ್ ಏನು ಮಾಡಬೇಕು ಎಂದು ಒಂದೊಂದಾಗಿ ಬರೆದಿಟ್ಟ ಓಪನ್‌ಫಾರ್ಮುಲಾ ಎಂಬ ಭಾಗ 2011ರ 1.2 ಆವೃತ್ತಿಯಲ್ಲಿ ಸೇರಿತು. ಎಕ್ಸೆಲ್‌ನ ಮಾದರಿ 2008ರಲ್ಲಿ ಬೇರೆಯದೇ ಮಾನಕವಾಯಿತು. ಎರಡೂ ಇರುವುದರಿಂದ ಸಾದಾ ಫಂಕ್ಷನ್‌ಗಳು ಗಡಿ ದಾಟುತ್ತವೆ, ಆರ್ಗ್ಯುಮೆಂಟ್‌ಗಳ ನಡುವಿನ ಕಾಮಾ ಸೆಮಿಕೋಲನ್ ಆಗುವಂಥ ಬದಲಾವಣೆಗಳು ತಾವಾಗೇ ನಡೆಯುತ್ತವೆ. ಸಮ್, ಕೌಂಟ್‌ಇಫ್ಸ್, ಸಮ್‌ಇಫ್ಸ್, ಇಂಡೆಕ್ಸ್, ಮ್ಯಾಚ್, ಡೇಟ್, ಇಫ್ ಇಷ್ಟರಲ್ಲೇ ಒಂದು ಕೆರೆಯ ಹತ್ತು ವರ್ಷದ ಲೆಕ್ಕವನ್ನು ನಿಭಾಯಿಸಬಹುದು.

ಜನವರಿಯಲ್ಲಿ ಏಷ್ಯಾದ ಜಲಪಕ್ಷಿ ಗಣತಿ ಬರುತ್ತದೆ. 1987ರಿಂದ ನಡೆದುಬಂದ ಎಣಿಕೆ ಅದು. ಶಿಕಾರಿಪುರ, ಸೊರಬದ ಕೆರೆಗಳಲ್ಲಿ ಎಣಿಸುವ ಎಲ್ಲರಲ್ಲೂ ಒಂದು ಕೋರಿಕೆ. ಎಣಿಕೆಯ ಮೂಲ ಸಾಲುಗಳಿಗೆ ಒಂದು ಪ್ರತ್ಯೇಕ ಶೀಟು ಇಡಿ: ವರ್ಷ, ತಿಂಗಳು, ದಿನ, ಕೆರೆ, ವೈಜ್ಞಾನಿಕ ಹೆಸರು, ಕನ್ನಡದ ಹೆಸರು, ಸಂಖ್ಯೆ, ಅನುಮಾನ. ಅದರಲ್ಲಿ ಒಂದೂ ಫಾರ್ಮುಲಾ ಬೇಡ. ಮೊತ್ತ, ಗ್ರಾಫು ಎಲ್ಲ ಬೇರೆ ಶೀಟಿನಲ್ಲಿರಲಿ. ಬೇರೆಯವರಿಗೆ ಕಳಿಸುವಾಗ ಮೂಲ ಶೀಟನ್ನು ಯುಟಿಎಫ್-8 ಸಿಎಸ್‌ವಿ ಆಗಿಯೂ ಉಳಿಸಿ ಜೊತೆಗಿಡಿ, ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ಮಾಡಿದ್ದು ಎಂದು ಒಂದು ಸಾಲು ಬರೆಯಿರಿ. ಪೆನ್ಸಿಲ್ಲಿನ ಪುಸ್ತಕವನ್ನು ಎಸೆಯಬೇಡಿ.